ಟಿಕಿರಿಯ ಹೆಸರಿನ ಟ್ಯಾಂಕು

ಆಗಸ್ಟ್ 9

ಕೆರೆ ಏರಿಯ ಮೇಲೆ ಹೋಗಿ ಬಂದೆ. ನೀರು ತೂಬಿನ ಮಟ್ಟಕ್ಕೆ ಇಳಿದಿದೆ. ಇನ್ನು ತೆಗೆದರೂ ಹರಿಯುವುದಿಲ್ಲ. ದಡದಲ್ಲಿ ಕೊಕ್ಕರೆ, ನಡುವೆ ಎಮ್ಮೆ. ಗಾಳಿ ಒಂದೇ ಸಮ. ಕಣ್ಣೆಲ್ಲ ದೂಳು.

ನೀರಗಂಟಿ ಕೆಲಸ ಹೋಗಿ ಎಷ್ಟೋ ವರ್ಷವಾಯಿತು. ಈಗ ರೈತರ ಸಂಘದವರೇ ತೂಬು ತೆಗೆಯುತ್ತಾರೆ, ಮುಚ್ಚುತ್ತಾರೆ, ಮುಚ್ಚುವುದನ್ನು ಮರೆಯುತ್ತಾರೆ. ಆದರೂ ಬೆಳಿಗ್ಗೆ ಕಾಲು ಅತ್ತಲೇ ಹೋಗುತ್ತದೆ. ನೋಡಿದ್ದನ್ನು ಬರೆಯದಿದ್ದರೆ ಚಹ ಗಂಟಲಲ್ಲಿ ಇಳಿಯುವುದಿಲ್ಲ. ಐದನೇ ಕ್ಲಾಸಿಗೆ ಬಿಟ್ಟ ಕೈ. ಅಕ್ಷರ ಕೋಳಿ ಕೆದರಿದ ಹಾಗೆ. ಇರಲಿ, ಯಾರು ಓದಬೇಕು.

ಊರು ಇನ್ನೂ ‘ವಿದಾನೆ’ ಎಂದೇ ಕರೆಯುತ್ತದೆ. ನೀರಗಂಟಿಗೆ ಇಲ್ಲಿ ಅದೇ ಹೆಸರು. ಪುಂಚಿರಾಳ ಎಂದು ಕರೆಯುತ್ತಿದ್ದದ್ದು ಅಮ್ಮ ಒಬ್ಬಳೇ.

ಸಂಜೆ — ಟ್ಯಾಂಕು ಮಂಜೂರಾಗಿದೆ. ಮಳೆನೀರಿನದು, ಸಿಮೆಂಟು ಮತ್ತು ಜಾಲರಿಯದು. ಕಿಡ್ನಿ ಕಾಯಿಲೆ ಇದ್ದ ಮನೆಗಳಿಗೆ ಸೊಸೈಟಿಯವರು ಕೊಡುತ್ತಿದ್ದಾರೆ. ನಮ್ಮ ಬಾವಿ ನೀರೇ ವಿಷ ಅಂತೆ. ಇರಬಹುದು. ಕೆಟಲಿನ ತಳದಲ್ಲಿ ಕೆರೆದರೆ ಸುಣ್ಣದ ಹಾಗೆ ಏಳುತ್ತದೆ.

ಹೆಸರು ತಂಗಿ ಟಿಕಿರಿಯದು. ಅವಳ ಮನೆಯದು ತೆಂಗಿನ ಗರಿಯ ಮಾಡು. ಅದರಿಂದ ಇಳಿಯುವ ನೀರು ಚಹದ ಬಣ್ಣ, ಜೊತೆಗೆ ಹುಳ. ನನ್ನದು ಹೆಂಚು, ಅಮ್ಮನ ಕಾಲದ್ದು, ಅಗಲವಾದ ಮಾಡು. ಅದಕ್ಕೇ ಅವಳ ಹೆಸರಿಗೆ, ನನ್ನ ಅಂಗಳದಲ್ಲಿ ಎಂದು ಸೊಸೈಟಿಯಲ್ಲಿ ಕೂತು ಮಾಡಿಸಿದೆ. ಅಮ್ಮನ ಕೋಣೆ ಖಾಲಿ ಇದೆ. ಬಂದಿರಲಿ.

ಬರಲೇಬೇಕು. ನೀರು ಇಲ್ಲಿರುತ್ತದೆ.

ಆಗಸ್ಟ್ 14

ಸುಮನರತ್ನನ ಅಂಗಡಿಗೆ ಹೋಗಿದ್ದೆ. ಸೊಸೈಟಿಗೂ ಅವನೇ ಅಧ್ಯಕ್ಷ, ತಕ್ಕಡಿಗೂ ಅವನೇ.

“ಟಿಕಿರಿಯಕ್ಕನ್ನ ಒಂದ್ ಮಾತು ಕೇಳಿದ್ರಾ ಮಾಮ?”

“ಏನ್ ಕೇಳೋದು? ಒಳ್ಳೆ ನೀರು ಬೇಡ ಅಂತಾಳಾ?”

“ನೀರು ಬೇಡ ಅನ್ನಲ್ಲ. ನಿಮ್ ಮನೆ ಬೇಡ ಅಂದ್ರೆ?”

“ನೀನು ಸಕ್ಕರೆ ತೂಗು. ಬೆರಳು ತೆಗ್ದು ತೂಗು.”

ಬೆರಳು ಇಟ್ಟಿರಲಿಲ್ಲ. ಗೊತ್ತಿತ್ತು. ಅಂದುಬಿಟ್ಟೆ. ಅವನು ಪೊಟ್ಟಣ ಕಟ್ಟಿ ಕೌಂಟರಿನ ಮೇಲೆ ಎಸೆದ ಹಾಗೆ ಇಟ್ಟ. ಬೆಂಚಿನ ಮೇಲೆ ಕೂತಿದ್ದವರು ಮಾತು ನಿಲ್ಲಿಸಿದರು. ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತದೆ. ರೂಢಿಯಾಗಿದೆ.

ಆ ಬರಗಾಲದ ವರ್ಷದ್ದು ಇವರಿಗೆ ಇನ್ನೂ ಆರಿಲ್ಲ. ಇದ್ದ ನೀರು ಮೇಲಿನ ಗದ್ದೆಗಳಿಗೆ ಮಾತ್ರ ಸಾಲುತ್ತಿತ್ತು. ಕೆಳಗಿನ ತೂಬು ಮುಚ್ಚಿದೆ. ಸುಮನರತ್ನನ ಅಪ್ಪನ ಗದ್ದೆ ಕೆಳಗಿತ್ತು. ಟಿಕಿರಿಯ ಗಂಡನದೂ ಕೆಳಗಿತ್ತು. ತಂಗಿಯ ಗಂಡ ಎಂದು ಬಿಟ್ಟಿದ್ದರೆ ಬೇರೆಯವರ ಮುಖ ಹೇಗೆ ನೋಡುವುದು? ಇವತ್ತೂ ಅದನ್ನೇ ಮಾಡುತ್ತೇನೆ.

ತಂಗಿಯ ಗಂಡ ಆಮೇಲೆ ಈ ಅಂಗಳಕ್ಕೆ ಬರಲಿಲ್ಲ. ಅಮ್ಮ ಸತ್ತಾಗ ಟಿಕಿರಿ ಬಂದಳು, ದಾನದ ದಿನ ಭಿಕ್ಷುಗಳಿಗೆ ಬಡಿಸಿದಳು, ತಾನು ಉಣ್ಣದೆ ಹೋದಳು. ಅವಳ ಗಂಡ ಇದೇ ಕಿಡ್ನಿ ಕಾಯಿಲೆಯಲ್ಲಿ ಹೋದ. ಹೆಣ ಎತ್ತುವಾಗ ನಾನು ಬೇಲಿಯ ಆಚೆ ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ.

ಈಗ ಅವಳಿಗೂ. ವಾರಕ್ಕೆರಡು ಸಲ ಬಸ್ಸು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋಗುತ್ತಾಳೆ. ಮಿಷನ್ನಿಗೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತಾಳಂತೆ. ಅಂತೆ — ಎಲ್ಲ ಅಂತೆಯೇ. ನನಗೆ ಯಾರು ಹೇಳುತ್ತಾರೆ.

ಆಗಸ್ಟ್ 21

ಮೇಸ್ತ್ರಿ ಬಂದಾಯಿತು. ನೋಡಿದರೆ ಹೆಂಗಸು. ಸೋಮಲತಾ ಎಂದು ಹೆಸರು. ಸೈಕಲ್ಲಿನ ಹಿಂದೆ ಕರಣೆ, ಬಾಂಡ್ಲಿ. ಬಾಯಿ ನನಗಿಂತ ದೊಡ್ಡದು.

“ಇದೇನು, ಗಂಡಸು ಯಾರೂ ಸಿಗ್ಲಿಲ್ವಾ ಸೊಸೈಟಿಗೆ?” ಎಂದೆ.

“ಸಿಕ್ಕಿದ್ರು ಮಾಮ. ನಿಮ್ ಮನೆ ಅಂದ ತಕ್ಷಣ ಎಲ್ರಿಗೂ ಸೊಂಟ ನೋವು ಬಂತು.”

ಚಹ ಮಾಡಿಕೊಟ್ಟೆ. ಬೆಲ್ಲದ ತುಂಡು ಕಚ್ಚಿಕೊಂಡು ಕುಡಿದು ಲೋಟ ತೊಳೆದಿಟ್ಟಳು. ಮನೆಯಲ್ಲಿ ಎರಡನೇ ಲೋಟ ಒದ್ದೆಯಾಗಿ ಬಹಳ ದಿನವಾಗಿತ್ತು.

ಈಶಾನ್ಯದ ಮೂಲೆಯಲ್ಲಿ ತಳ ಅಗೆದೆವು. ನೆಲ ಕಬ್ಬಿಣ. ಅವಳು ಕಲ್ಲು ಜೋಡಿಸಿದಳು, ನಾನು ಹೊತ್ತೆ. ಬೆನ್ನು ಹೇಳಿದ ಹಾಗೆ ಕೇಳುತ್ತಿಲ್ಲ.

ಆಗಸ್ಟ್ 25, ಪೋಯ

ಹುಣ್ಣಿಮೆ. ಕೆಲಸ ಇಲ್ಲ. ಬಿಳಿ ಉಟ್ಟು ವಿಹಾರಕ್ಕೆ ಹೋದೆ.

ಟಿಕಿರಿ ಬೋಧಿಮರದ ಕೆಳಗೆ ಕೂತಿದ್ದಳು. ಕಾಲು ಊದಿದೆ, ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದಳು. ಮುಖ ಹೊಗೆ ಹಿಡಿದ ಗೋಡೆಯ ಬಣ್ಣ. ಎಲ್ಲರೂ ಬಿಂದಿಗೆಯಲ್ಲಿ ಮರದ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ಅವಳು ಅದನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

ಹೋಗಿ ಮಾತಾಡಿಸಬಹುದಿತ್ತು. ಟ್ಯಾಂಕು ಎದ್ದು ನಿಲ್ಲಲಿ, ಆಮೇಲೆ ಹೇಳಿಕಳಿಸಿದರಾಯಿತು.

ಬಂದು ನಿನ್ನೆಯ ಅನ್ನಕ್ಕೆ ತೆಂಗಿನಕಾಯಿ ಸಂಬಲದ ಚಟ್ನಿ ಕಲಸಿ ಉಂಡೆ. ರೇಡಿಯೋದಲ್ಲಿ ಬಣ — ಧರ್ಮದ ಮಾತು. ಸಿಟ್ಟು ಬಿಡಬೇಕಂತೆ. ಆರಿಸಿದೆ.

ಆಗಸ್ಟ್ 30

ಕಂಬಿ ಬಾಗಿಸಿ ನಿಲ್ಲಿಸಿ, ಸುತ್ತ ಕೋಳಿಗೂಡಿನ ಜಾಲರಿ ಎರಡು ಪದರ ಬಿಗಿದಾಯಿತು. ಕುಂಬಳಕಾಯಿಯ ಆಕಾರ. ಮೇಲೆ ಕತ್ತು, ಕತ್ತಿನಲ್ಲಿ ಒಬ್ಬ ಇಳಿಯುವಷ್ಟು ಬಾಯಿ. ಆಚೆ ಕಡೆಯ ಬೇಲಿ, ಬಾಳೆ, ಆಕಾಶ ಎಲ್ಲ ಅದರೊಳಗಿಂದ ಕಾಣುತ್ತದೆ. ಇದು ನೀರು ಹಿಡಿಯುತ್ತದೆ ಎಂದರೆ ಹುಚ್ಚು ಎನ್ನಬೇಕು.

ಸೋಮಲತಾ ಹೇಳಿದ್ದು: ಗಾರೆ ಒಂದೇ ದಿನ ಆಗಬೇಕು. ಬುಡದಿಂದ ಕತ್ತಿನವರೆಗೆ, ನಿಲ್ಲಿಸದೆ. ಅರ್ಧಕ್ಕೆ ಬಿಟ್ಟು ಮಾರನೇ ದಿನ ಮುಂದುವರಿಸಿದರೆ ಹೊಸದು ಹಳೆಯದಕ್ಕೆ ಹತ್ತುವುದಿಲ್ಲ, ಆ ಗೆರೆಯಲ್ಲೇ ನೀರು ಸೋರುತ್ತದೆ. ಕಲಸುವವರು, ಹೊರುವವರು, ಹೊರಗೆ ಬಳಿಯುವವರು, ಒಳಗೆ ಹಲಗೆ ಹಿಡಿಯುವವನು. ಏಳೆಂಟು ಜನ ಬೇಕು.

“ಮುಯ್ಯಾಳು ಕರೀರಿ ಮಾಮ. ಮನೆಮನೆಗೆ ವೀಳ್ಯದೆಲೆ ತಗೊಂಡ್ ಹೋಗಿ.”

“ನಂಗೋಸ್ಕರ ಅಲ್ವಲ್ಲ, ರೋಗಿಗೆ. ಎಲೆ ಕೊಟ್ಟು ಕೈ ಮುಗೀಬೇಕಾ ನಾನು?”

“ಗದ್ದೆ ಕೊಯ್ಲಿಗೆ ಹೇಗ್ ಕರೀತಾರೆ? ಹಾಗೇ.”

“ನಾನ್ ಕೊಂಬು ಊದಿದ್ರೆ ಊರಿಗೂರೇ ಏರಿ ಮೇಲೆ ಬಂದು ನಿಲ್ತಿತ್ತು, ಗೊತ್ತಾ?”

“ಆಗ ನೀರಿನ ಕೀಲಿ ನಿಮ್ ಕೈಲಿತ್ತು” ಎಂದಳು. ತಂತಿ ತಿರುಚುತ್ತಲೇ ಎಂದಳು.

ಸುಮನರತ್ನನ ಅಂಗಡಿಯ ಹೊರಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ. ಸೋಮವಾರ ಬೆಳಿಗ್ಗೆ, ವಿದಾನೆ ಮನೆಯಲ್ಲಿ ಗಾರೆ ಕೆಲಸ, ಬರುವುದು. ಕೆಲವರಿಗೆ ಫೋನೂ ಮಾಡಿಸಿದೆ. ಸಾಕಲ್ಲ.

ಸೆಪ್ಟೆಂಬರ್ 3, ಬೆಳಿಗ್ಗೆ ಆರು

ದೊಡ್ಡ ಪಾತ್ರೆಯಲ್ಲಿ ಅನ್ನಕ್ಕೆ ಇಟ್ಟಿದ್ದೇನೆ. ಬೇಳೆ, ಒಣಮೀನು. ಗಾಳಿ ಇಲ್ಲ. ಒಳ್ಳೆಯ ದಿನ.

ಎಂಟು

ಸೋಮಲತಾ ಬಂದಳು. ಬೇರೆ ಯಾರೂ ಇಲ್ಲ. ಹಾಲು ಕರೆದು ಬರುತ್ತಾರೆ.

ಹತ್ತು ಗಂಟೆ

ಬೀದಿಯ ಮೊದಲ ಮನೆಯ ಹೇರತ್ ಸೈಕಲ್ಲಿನಲ್ಲಿ ಹಾದುಹೋದ. ಇತ್ತ ತಲೆ ತಿರುಗಿಸಲಿಲ್ಲ. ಕತ್ತು ನೋವೇನೋ, ನಾಯಿಗೆ ಹುಟ್ಟಿದವನಿಗೆ.

ಸಂಜೆ

ಇಬ್ಬರೇ ಶುರು ಮಾಡಿದೆವು. ನಾನೇ ಹಟ ಹಿಡಿದೆ. ಅವಳು ಬೇಡ ಎಂದಳು. ನಾನು ಕಲಸುವುದು, ಹೊರುವುದು, ಮತ್ತೆ ಒಳಗಿಳಿದು ಹಲಗೆ ಹಿಡಿಯುವುದು. ಮಧ್ಯಾಹ್ನದ ಬಿಸಿಲಿಗೆ ಬಾಂಡ್ಲಿಯಲ್ಲೇ ಗಾರೆ ಗಟ್ಟಿಯಾಯಿತು. ಮೊಣಕಾಲೆತ್ತರಕ್ಕೆ ಬಂದಾಗ ಅವಳು ಕರಣೆ ಕೆಳಗಿಟ್ಟಳು.

“ಸಾಕು ಮಾಮ. ಇದು ಆಗಲ್ಲ.”

“ನಾಳೆ ಮುಂದುವರ್ಸೋಣ.”

“ನಾಳೆ ಹಚ್ಚಿದ್ದು ಇದಕ್ಕೆ ಅಂಟಲ್ಲ. ಎಷ್ಟ್ ಸಲ ಹೇಳ್ಲಿ? ಇದನ್ನ ಕೆತ್ತಿ ತೆಗೀರಿ. ಜಾಲರಿ ಹರೀದಂಗೆ ತೆಗೀರಿ. ತೆಗ್ದ್ ಮೇಲೆ ಎಲೆ ತಗೊಂಡ್ ಹೋಗಿ. ಆಮೇಲೆ ನನ್ನ ಕರೀರಿ.”

ಬೈದೆ. ಅವಳೂ ಬೈದಳು. ಹೋಗುವಾಗ ಒಂದು ತಟ್ಟೆ ಅನ್ನ ಉಂಡು ಹೋದಳು, ಬಿಸಾಡಬಾರದೆಂದು. ಉಳಿದದ್ದನ್ನು ಕಾಗೆಗೆ ಹಾಕಿದೆ. ಅಷ್ಟು ಅನ್ನ.

ಸೆಪ್ಟೆಂಬರ್ 11

ಕೆತ್ತಿ ಮುಗಿಯಿತು. ಉಳಿ, ಸುತ್ತಿಗೆ, ಇಷ್ಟಿಷ್ಟೇ. ಕೈಯೆಲ್ಲ ಬಿರುಕು, ಸಿಮೆಂಟು ಹೊಕ್ಕು ಉರಿಯುತ್ತದೆ. ಇಷ್ಟು ದಿನದಲ್ಲಿ ಮಾತಾಡಿದ್ದು ಪಕ್ಕದ ಹಸುವಿನ ಜೊತೆ. ಬಾಳೆ ತಿನ್ನಲು ಬಂದಿತ್ತು. ಅದನ್ನೂ ಬೈದೇ ಕಳಿಸಿದೆ.

ಕೆರೆ ಒಣಗಿದೆ. ಏರಿಗೆ ಹೋಗಲಿಲ್ಲ.

ಹಾಗೇ ಬಿಟ್ಟುಬಿಡಬಹುದು. ಜಾಲರಿಗೆ ಕುಂಬಳದ ಬಳ್ಳಿ ಹಬ್ಬಿಸಬಹುದು. ಅಂಗಳದಲ್ಲಿ ಒಂದು ಹುಚ್ಚು. ಆದರೆ ಮಳೆಗೆ ಇನ್ನೊಂದು ತಿಂಗಳೂ ಇಲ್ಲ. ಈ ಮಳೆ ತಪ್ಪಿದರೆ ಮುಂದಿನ ವರ್ಷ. ಅವಳ ಕಾಲು ನೋಡಿದ್ದೇನೆ. ಮುಂದಿನ ವರ್ಷ ಎನ್ನುವ ಹಾಗಿಲ್ಲ.

ಸೆಪ್ಟೆಂಬರ್ 12

ಸಂತೆಯಲ್ಲಿ ಎಲೆ ಕೊಂಡೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಳಿ ಅಂಗಿ ಹಾಕಿ ಹೊರಟೆ.

ಮೊದಲ ಮನೆಯ ಗೇಟಿನಲ್ಲಿ ಕಾಲು ಹೋಗಲಿಲ್ಲ. ತಿರುಗಿ ಬಂದು ಮತ್ತೆ ಹೋದೆ. ಹೇರತ್‌ನ ಹೆಂಡತಿ ಎರಡು ಕೈಯಲ್ಲಿ ಎಲೆ ತೆಗೆದುಕೊಂಡಳು, ಒಳಗೆ ಕೂಗಿದಳು: “ರೀ, ವಿದಾನೆ ಮಾಮ ಎಲೆ ತಂದಿದಾರೆ!” ಬೆಂಕಿ ಬಿದ್ದಿದೆ ಎನ್ನುವ ದನಿ. ಹೇರತ್ ಊಟದ ಕೈಯಲ್ಲೇ ಓಡಿ ಬಂದ. ನೋಡುವುದಕ್ಕೆ.

ಎಲ್ಲ ಕಡೆ ಹಾಗೇ. ಕೂರಿಸಿದರು, ಚಹ ಕೊಟ್ಟರು. ಇಲ್ಲ ಎಂದವರಿಲ್ಲ. ಇಷ್ಟು ಸುಲಭವೇ? ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಕೊನೆಗೆ ಸುಮನರತ್ನ. ಎಲೆ ತೆಗೆದುಕೊಂಡು ತಕ್ಕಡಿಯ ಪಕ್ಕ ಇಟ್ಟ.

“ನಮ್ಮಪ್ಪಂಗೆ ಯಾವತ್ತೂ ಕೊಡ್ಲಿಲ್ಲ ನೀವು.”

“ನಿಮ್ಮಪ್ಪನ್ನ ಯಾವತ್ತೂ ಕೆಲಸಕ್ಕೆ ಕರೀಲಿಲ್ಲ.”

ನಕ್ಕುಬಿಟ್ಟ. ಹಾಳಾದವನು. “ಬರ್ತೀನಿ ಮಾಮ. ಆದ್ರೆ ಅಡಿಗೆ ಯಾರದು? ನಿಮ್ ಕೈ ಅಡಿಗೆ ಅಂದ್ರೆ ಎಲೆ ವಾಪಸ್ ತಗೊಳಿ.”

“ಯಾಕೆ, ಏನಾಗಿದೆ?”

“ನಿಮ್ಮಮ್ಮನ ವರ್ಷದ ದಾನದಲ್ಲಿ ತಿಂದಿದೀವಿ. ಭಿಕ್ಷುಗಳು ಏನೂ ಅನ್ನೋ ಹಂಗಿಲ್ಲ, ನುಂಗಿದ್ರು. ನಾವು ಸಂಸಾರಸ್ಥರು.”

ಬೆಂಚಿನವರೆಲ್ಲ ನಕ್ಕರು. ನಾನು ಇದ್ದಾಗಲೇ ನಕ್ಕರು. ಮುಯ್ಯಾಳು ಕರೆದ ಮನೆಯಲ್ಲಿ ಸರಿಯಾದ ಊಟ ಇರಬೇಕು, ಅದು ಸುಳ್ಳಲ್ಲ. ಮನೆಯ ಹೆಂಗಸು ಬಡಿಸಬೇಕು.

ಒಂದು ಕಟ್ಟು ಎಲೆ ಉಳಿದಿದೆ.

ಸೆಪ್ಟೆಂಬರ್ 14

ಹೋದೆ.

ಟಿಕಿರಿ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಟ್ಯಾಂಕು ಕಟ್ಟಿದೀನಿ ಅಂತ ತೋರ್ಸಕ್ಕೆ ಬಂದ್ಯಾ?”

“ಇನ್ನೂ ಕಟ್ಟಿಲ್ಲ. ಒಂದ್ಸಲ ಕೆಟ್ಟೋಯ್ತು.”

“ಕೇಳ್ದೆ. ಊರೆಲ್ಲ ಕೇಳಿದೆ. ಸುತ್ತಿಗೆ ಶಬ್ದ ಇಲ್ಲೀವರೆಗೂ ಬರ್ತಿತ್ತು.”

ಎಲೆ ಚಾಚಿದೆ. ಆಗ ತಲೆ ಎತ್ತಿದಳು.

“ಇದೇನು?”

“ಭಾನುವಾರ ಮುಯ್ಯಾಳು. ಅಡಿಗೆಗೆ ಜನ ಬೇಕು. ಬರ್ತೀಯಾ ಇಲ್ವಾ ಹೇಳು, ಬಿಸ್ಲಲ್ಲಿ ನಿಂತಿದೀನಿ.”

“ಕಾಯಿಲೆಯವಳು ನಾನು.”

“ಕಾಯಿಲೆ ಕಾಲಿಗಲ್ವಾ? ಕೈಗೇನಾಗಿದೆ?”

ಅಂದ ಮೇಲೆ ಹೆದರಿದೆ. ಅವಳು ಮೊರ ಪಕ್ಕಕ್ಕಿಟ್ಟಳು, ಸೀರೆಗೆ ಕೈ ಒರೆಸಿದಳು, ಎರಡೂ ಕೈ ಚಾಚಿ ತೆಗೆದುಕೊಂಡಳು.

“ಎಲ್ರೂ ಅಯ್ಯೋ ಪಾಪ ಅಂತ ಬರ್ತಾರೆ. ನೀನೊಬ್ಬ ಕೆಲ್ಸಕ್ಕೆ ಕರ್ದೆ” ಎಂದಳು. ಬೈದಳೋ ಏನೋ, ತಿಳಿಯಲಿಲ್ಲ.

ಸೆಪ್ಟೆಂಬರ್ 16

ಆಯಿತು. ಮಲಗುವ ಮೊದಲೇ ಬರೆಯುತ್ತೇನೆ.

ಟಿಕಿರಿ ಬೆಳಕು ಹರಿಯುವ ಮೊದಲೇ ಬಂದಳು. ನನ್ನ ಪಾತ್ರೆಗಳನ್ನೆಲ್ಲ ಮೊದಲು ಬೂದಿ ಹಾಕಿ ತಿಕ್ಕಿಸಿದಳು. ಅಂಗಳದ ತುಂಬ ಜನ. ಸಿಮೆಂಟು, ಮರಳು, ಸಲಿಕೆ, ಕೂಗು. ಕತ್ತಿನೊಳಗೆ ಹಿಡಿಸುವ ಸಣ್ಣ ಮೈ ನನ್ನದೇ. ಒಳಗಿಳಿದೆ. ಹೊರಗಿನವನು ಜಾಲರಿಗೆ ಗಾರೆ ಒತ್ತುವಾಗ ನಾನು ಅದೇ ಜಾಗದಲ್ಲಿ ಒಳಗಿನಿಂದ ಹಲಗೆ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಗಾರೆ ಒಳಗೆ ಉದುರುತ್ತದೆ.

“ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ, ಕತ್ತೆ!” ಎಂದು ಒಳಗಿಂದ ಕೂಗಿದೆ.

ಹೇರತ್‌ನ ದನಿ: “ಒಳಗ್ ಹಾಕಿದ್ರೂ ಬೈತಾನಲ್ಲಪ್ಪ ಇವನು.”

ಸುಮನರತ್ನ: “ಸೋಮಲತಾ, ಮೇಲಿನ್ ಬಾಯೂ ಮುಚ್ಚಿ ಗಾರೆ ಮಾಡ್ಬಿಡು. ಊರಿಗೆ ಒಳ್ಳೇದಾಗತ್ತೆ.”

“ಹೊರಗ್ ಬರ್ತೀನಿ, ಆಮೇಲ್ ನೋಡ್ಕೋತೀನಿ ನಿಮ್ಮನ್ನ!”

“ಅದಕ್ಕೇ ಬಾಯಿ ಚಿಕ್ಕದು ಮಾಡ್ತಿರೋದು ಮಾಮ!”

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ, ಯಾರಿಗೂ ಕಾಣದ ಹಾಗೆ.

ಗಾರೆ ಏರುತ್ತ ಹೋದ ಹಾಗೆ ಬೆಳಕು ಕಡಿಮೆಯಾಯಿತು. ಮೊದಲು ಅವರ ಕಾಲು ಮರೆಯಾಯಿತು, ಆಮೇಲೆ ಸೊಂಟ. ನನ್ನ ಎದೆಯ ಎತ್ತರದಲ್ಲಿ ಜಾಲರಿಯ ಆಚೆ ಒಂದು ಕೈ ಬಂತು. ಹೆಂಗಸಿನ ಕೈ. ಮೊಣಕೈ ಕೆಳಗೆ ನರ ಹಗ್ಗದ ಗಂಟಿನ ಹಾಗೆ ಉಬ್ಬಿದೆ. ಮಿಷನ್ನಿನ ಸೂಜಿ ಚುಚ್ಚುವ ಜಾಗ. ಒಂದು ಹಿಡಿ ಗಾರೆ ಇಟ್ಟು ಅಂಗೈಯಲ್ಲಿ ಒತ್ತಿದಳು. ನಾನು ಹಲಗೆ ಒತ್ತಿ ಹಿಡಿದೆ. ಅವಳ ಬಲ ಎಷ್ಟೆಂದು ಹಲಗೆಯಲ್ಲಿ ಗೊತ್ತಾಯಿತು. ಏನೂ ಇಲ್ಲ. ಹಕ್ಕಿ ಕೂತ ಹಾಗೆ.

“ಸಾಕು ಹೋಗಕ್ಕ, ಅನ್ನ ಸೀದೀತು” ಎಂದ ಯಾರೋ. ಆ ಜಾಗವೂ ಮುಚ್ಚಿತು.

ಊಟಕ್ಕೆ ಹಲಸಿನಕಾಯಿ, ಬೇಳೆ, ಒಣಮೀನು, ಸೊಪ್ಪಿನ ಪಲ್ಯ. ಒಂದು ಅಗುಳೂ ಉಳಿಯಲಿಲ್ಲ. ಅವಳು ಮಾತ್ರ ಗುಬ್ಬಿಯಷ್ಟು ಉಂಡಳು. ಚಹ ಬಂದರೆ ತುಟಿ ಒದ್ದೆ ಮಾಡಿ ಲೋಟ ಕೆಳಗಿಟ್ಟಳು.

“ಪೂರ್ತಿ ಕುಡಿ! ಒಣಗಿ ಕಡ್ಡಿ ಆಗಿದೀಯ. ಟ್ಯಾಂಕು ತುಂಬ್ಲಿ, ದಿನಕ್ಕೊಂದು ಬಿಂದಿಗೆ ಕುಡಿಸ್ತೀನಿ” ಎಂದೆ.

ಸೋಮಲತಾ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಟಿಕಿರಿ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಹೊತ್ತು ಇಳಿಯುವ ಮೊದಲು ಕತ್ತು ಮುಗಿಯಿತು. ನನ್ನನ್ನು ತೋಳು ಹಿಡಿದು ಎಳೆದರು. ಹುಟ್ಟಿದ ಹಾಗೆ ಬಂದೆ, ಮೈಯೆಲ್ಲ ಬೂದು.

ಟಿಕಿರಿ ಹೊರಟಳು. ಕೋಣೆ ಗುಡಿಸಿದ್ದೇನೆ, ಇರು ಎಂದೆ. ಕೇಳದವಳ ಹಾಗೆ ಚಪ್ಪಲಿ ಹುಡುಕಿದಳು.

“ನಂದೂ ಒಂದ್ ದಿನ ಆಯ್ತಲ್ಲ. ಮುಯ್ಯಿ ತೀರಿಸ್ಬೇಕು ನೀನು.”

“ಏನ್ ಕೆಲ್ಸ ಇದೆ ನಿಂಗೆ? ಬೇಲಿ ಕಟ್ಟೋದಾ?”

“ಹೇಳ್ಕಳಿಸ್ತೀನಿ. ಆಗ ಬಾ.”

ಸೆಪ್ಟೆಂಬರ್ 24, ಪೋಯ

ಒಳಗಿನ ಗಾರೆ, ಅದು ಬೇರೆಯೇ ಪದರ, ಮರುದಿನವೇ ಆಗಿತ್ತು. ಆಮೇಲೆ ಕ್ಯೂರಿಂಗ್. ಗೋಣಿತಾಟು ಸುತ್ತಿ, ಬಾವಿಯಿಂದ ಎಳೆದು ಎಳೆದು ಒದ್ದೆ ಮಾಡುವುದು. ಬಿಸಿಲಿಗೆ ಒಣಗಿದರೆ ಬಿರುಕು. ಬಾವಿಯಲ್ಲೂ ತಳ ಕಾಣುತ್ತಿದೆ. ಸವುಳು ನೀರು ಕುಡಿಸಿ ಸಿಹಿನೀರಿನ ಟ್ಯಾಂಕು ಸಾಕುತ್ತಿದ್ದೇನೆ.

ಟಿಕಿರಿ ಬರಲಿಲ್ಲ. ವಿಹಾರಕ್ಕೂ ಬಂದಿರಲಿಲ್ಲ.

ಟ್ಯಾಂಕಿನ ಬಾಯಲ್ಲಿ ತಲೆ ಹಾಕಿ ಕೆಮ್ಮಿದೆ. ಯಾರೋ ದೊಡ್ಡವನು ಕೆಮ್ಮಿದ ಹಾಗೆ ಕೇಳಿಸಿತು. ‘ಟಿಕಿರಿ’ ಎಂದೂ ಕರೆದು ನೋಡಿದೆ. ಹುಚ್ಚು.

ಅಕ್ಟೋಬರ್ 5

ಮುಯ್ಯಿ ತೀರಿಸುತ್ತಿದ್ದೇನೆ. ಹೇರತ್‌ನ ಗದ್ದೆಯ ಬದು ಕಡಿದೆ. ಇನ್ನೊಬ್ಬರ ಕುಮರಿ ಹೊಲ ಸವರಿ ಸುಟ್ಟೆ. ಸುಮನರತ್ನ ಅಂಗಡಿಯ ಹಿಂದಿನ ಪಾಯಿಖಾನೆ ಗುಂಡಿ ತೋಡಿಸಿದ. ಬೇಕೆಂದೇ ಉಳಿಸಿಕೊಂಡಿದ್ದ ಕೆಲಸ. ದಂಡೆಯ ಮೇಲೆ ನಿಂತು “ಎಡಕ್ಕೆ ಮಾಮ, ಎಡಕ್ಕೆ ಅಂದ್ರೆ ಎಡಕ್ಕೆ” ಎಂದ.

ಎಲ್ಲರ ಮನೆಯಲ್ಲೂ ಉಂಡೆ. ಎಲ್ಲರ ಮನೆಯಲ್ಲೂ ಮಕ್ಕಳು, ಗದ್ದಲ. ವಾಪಸ್ಸು ಬಂದು ಬಾಗಿಲು ತೆಗೆದಾಗ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಇದು ಮೊದಲು ಇರಲಿಲ್ಲ.

ಅಕ್ಟೋಬರ್ 8

ಮಳೆ! ಮಧ್ಯಾಹ್ನ ಮೂರಕ್ಕೆ ಗುಡುಗು, ಆಮೇಲೆ ಒಂದೇ ಏಟಿಗೆ. ಹೆಂಚಿನ ದೂಳು, ಹಕ್ಕಿಯ ಹೇಲು ಎಲ್ಲ ತೊಳೆಯುವ ತನಕ ಪೈಪು ಹೊರಗೆ ತಿರುಗಿಸಿ ನಿಂತೆ. ಪೂರ್ತಿ ನೆನೆದೆ. ನೀರು ತಿಳಿಯಾದ ಮೇಲೆ ಒಳಗೆ ಬಿಟ್ಟೆ. ಮೊದಲು ಬಿದ್ದದ್ದಕ್ಕೆ ಸಿಮೆಂಟಿನ ರುಚಿ. ಸೋಮಲತಾ ಹೇಳಿದ ಹಾಗೆ ಅದನ್ನು ಹರಿಯಬಿಟ್ಟು ತೊಳೆದು ಮತ್ತೆ ತುಂಬಲು ಬಿಟ್ಟೆ.

ಮಲಗಿದರೆ ಗೋಡೆಯ ಆಚೆ ನೀರು ಬೀಳುವ ಸದ್ದು. ಅಮ್ಮನ ಕೋಣೆಯಲ್ಲಿ ಯಾರೋ ಓಡಾಡಿದ ಹಾಗೆ.

ಅಕ್ಟೋಬರ್ 14

ದಿನಾ ಮಳೆ. ಟ್ಯಾಂಕು ಕತ್ತಿನವರೆಗೆ ಬಂದಿದೆ. ಎಲ್ಲೂ ಸೋರಿಲ್ಲ, ಕೈಯಾಡಿಸಿ ಸುತ್ತ ನೋಡಿದೆ. ನೀರು ಕುಡಿದೆ. ರುಚಿಯೇ ಇಲ್ಲ. ಇಷ್ಟು ವರ್ಷ ಬಾವಿಯ ಕಹಿಯನ್ನೇ ನೀರಿನ ರುಚಿ ಎಂದುಕೊಂಡಿದ್ದೆ.

ಕೋಣೆಗೆ ಸುಣ್ಣ ಹೊಡೆದಿದ್ದೇನೆ. ಸೊಳ್ಳೆಪರದೆ ತಂದಿದ್ದೇನೆ. ಹೇರತ್‌ನ ಹೆಂಡತಿಯ ಕೈಯಲ್ಲಿ ಟಿಕಿರಿಗೆ ಹೇಳಿಕಳಿಸಿದೆ — ನೀರು ತುಂಬಿದೆ, ಬಂದು ಇರು.

ಸಂಜೆ ಅವಳ ಉತ್ತರ ಬಂತು: ನನ್ನ ಮುಯ್ಯಿ ಬಾಕಿ ಇದೆ. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಾ.

ಆಸ್ಪತ್ರೆಯ ದಿನ. ಚೀಲ ಹೊರಲು ಇರಬೇಕು. ಐದು ಲೀಟರಿನ ಕ್ಯಾನು ತೊಳೆದು, ಟ್ಯಾಂಕಿನ ನೀರು ಕಾಯಿಸಿ ಆರಿಸಿ ತುಂಬಿಟ್ಟಿದ್ದೇನೆ.

ಅಕ್ಟೋಬರ್ 16

ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು. ಕ್ಯಾನು ನನ್ನ ಕಾಲ ನಡುವೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಿಟಕಿಯ ಹೊರಗೆ ತಿರುಗಿದಳು.

ಆಸ್ಪತ್ರೆಯಲ್ಲಿ ಉದ್ದದ ಕೋಣೆ. ಸಾಲು ಮಂಚ. ಪ್ರತಿ ಮಂಚಕ್ಕೆ ಒಂದು ಮಿಷನ್ನು. ಎಲ್ಲ ನಮ್ಮ ಕಡೆಯವರೇ, ಗದ್ದೆ ಕೆಲಸದ ಕೈಗಳು. ತೂಕ ನೋಡಿದರು. ಆ ಉಬ್ಬಿದ ನರಕ್ಕೆ ಎರಡು ಸೂಜಿ. ನಾನು ಗೋಡೆ ನೋಡಿದೆ. ಪೈಪಿನಲ್ಲಿ ರಕ್ತ ಹೋಗುತ್ತದೆ, ಬರುತ್ತದೆ. ಮಧ್ಯಾಹ್ನದವರೆಗೆ ಅಲ್ಲಾಡುವ ಹಾಗಿಲ್ಲ.

“ಏನ್ ಕೆಲ್ಸ ಹೇಳು” ಎಂದೆ.

“ಇದೇ. ಕೂರು.”

“ಕೂತು?”

“ಕೂರೋದೇ ಕೆಲ್ಸ. ಎಲ್ರ ಪಕ್ಕಾನೂ ಯಾರಾದ್ರೂ ಕೂತಿರ್ತಾರೆ.”

ಕೂತೆ. ಸುಮ್ಮನೆ ಕೂತು ರೂಢಿ ಇಲ್ಲ. ಮಿಷನ್ನು ಟಿಕ್ ಟಿಕ್ ಎನ್ನುತ್ತದೆ. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕ್ಯಾನು ಎತ್ತಿ ಲೋಟ ತುಂಬಿಸಿದೆ.

ನರ್ಸ್ ಓಡಿ ಬಂದಳು. “ಅಜ್ಜಾ, ಅಜ್ಜಾ! ಯಾರಿಗದು?”

“ನನ್ ತಂಗಿಗೆ. ಮಳೆನೀರು, ಕಾಯ್ಸಿದ್ದು. ನಿಮ್ ನಲ್ಲಿಗಿಂತ ಚೆನ್ನಾಗಿದೆ.”

“ನೀರು ಚೆನ್ನಾಗೇ ಇದೆ ಅಜ್ಜ. ಆದ್ರೆ ಇಷ್ಟು ಕುಡಿಯೋ ಹಂಗಿಲ್ಲ ಅವ್ರು.” ಟಿಕಿರಿಯ ತಲೆಯ ಹತ್ತಿರ ಇದ್ದ ಪುಟ್ಟ ಬಾಟಲಿ ತೋರಿಸಿದಳು. ಅಂಗೈಗಿಂತ ಸ್ವಲ್ಪ ಎತ್ತರ. “ಇಡೀ ದಿನಕ್ಕೆ ಇಷ್ಟೇ. ಚಹ, ಸಾರು, ಮಾತ್ರೆಗೆ ಕುಡಿಯೋದು, ಎಲ್ಲ ಸೇರಿ. ಹೆಚ್ಚಾದ್ರೆ ನೀರು ಹೊರಗೆ ಹೋಗಲ್ಲ, ಎದೇಲಿ ನಿಲ್ಲತ್ತೆ.”

ಲೋಟ ಹಿಡಿದುಕೊಂಡೇ ನಿಂತಿದ್ದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ. ನರ್ಸೇ ತೆಗೆದುಕೊಂಡಳು.

“ನಿಂಗೆ ಗೊತ್ತಿತ್ತಾ?” ಎಂದೆ.

“ನಂಗಲ್ದೆ ಇನ್ಯಾರಿಗೆ ಗೊತ್ತಿರತ್ತೆ.”

“ಯಾಕ್ ಹೇಳ್ಲಿಲ್ಲ?”

“ನೀನ್ ಕೇಳಿದ್ಯಾ?”

ಮಿಷನ್ನು ಟಿಕ್ ಟಿಕ್.

“ಹೇಳಿದ್ರೆ ಜಾಲರಿ ಹಂಗೇ ಬಿಟ್ಟು ಒಬ್ನೇ ಕೂರ್ತಿದ್ದೆ” ಎಂದಳು. ಕಣ್ಣು ಮುಚ್ಚಿಕೊಂಡೇ ಎಂದಳು.

ಪಕ್ಕದ ಮಂಚದ ಹೆಂಗಸಿನ ಮಗಳು ಫ್ಲಾಸ್ಕಿನಿಂದ ಒಂದು ತುಂಡು ಐಸ್ ತೆಗೆದು ತಾಯಿಯ ಬಾಯಿಗೆ ಇಟ್ಟಳು. ಟಿಕಿರಿ ಕಣ್ಣು ತೆರೆದು ಅದನ್ನೇ ನೋಡಿದಳು. ಅವತ್ತು ಬೋಧಿಮರದ ಬುಡ ನೋಡಿದ ಹಾಗೆ.

“ಐಸ್ ಆದ್ರೆ ತುಂಬ ಹೊತ್ತು ಬರತ್ತೆ” ಎಂದಳು. “ಬಾಯಲ್ಲಿ ಇದೆ ಅನ್ಸತ್ತೆ.”

ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದಳು. ಕ್ಯಾನು ಅಲ್ಲಾಡುತ್ತಿತ್ತು. ಅವಳ ಗೇಟಿನ ಮುಂದೆ ಇಳಿಸಿದೆ. ಅಮ್ಮನ ಕೋಣೆಯ ಮಾತು ಎತ್ತಿದೆ.

“ಬಸ್ಸು ನನ್ ಬಾಗ್ಲಲ್ಲೇ ನಿಲ್ಲತ್ತೆ ಅಣ್ಣ. ನಿನ್ ಮನೆಯಿಂದ ಇಲ್ಲೀವರೆಗೆ ನಡೆಯೋ ಕಾಲು ಇದಲ್ಲ. ಬರಲ್ಲ.” ಗೇಟು ತೆಗೆಯುತ್ತ, “ಶುಕ್ರವಾರಾನೂ ಇದೆ.”

“ನಿನ್ ಮುಯ್ಯಿ ಮುಗೀತಲ್ಲ?”

“ಮುಗೀತು” ಎಂದಳು. ಒಳಗೆ ಹೋದಳು.

ಅಕ್ಟೋಬರ್ 17

ಏನೂ ಇಲ್ಲ. ಮಳೆ. ಟ್ಯಾಂಕು ತುಂಬಿ ಹೆಚ್ಚಿನ ನೀರು ಪೈಪಿನಿಂದ ಅಂಗಳಕ್ಕೆ ಹರಿಯುತ್ತಿದೆ. ದಿನವಿಡೀ ನೋಡುತ್ತ ಕೂತೆ.

ಅಕ್ಟೋಬರ್ 18

ಸುಮನರತ್ನನ ಅಂಗಡಿಗೆ ಹೋದೆ. ಬಾಟಲಿ ಕೌಂಟರಿನ ಮೇಲಿಟ್ಟೆ.

“ಇದನ್ನ ನಿನ್ ಫ್ರಿಜ್ಜಲ್ಲಿ ಐಸ್ ಮಾಡ್ಕೊಡು.”

“ಐಸ್ ಇಲ್ಲೇ ಇದೆಯಲ್ಲ ಮಾಮ, ಎಷ್ಟ್ ಬೇಕು?”

“ಇದೇ ನೀರು ಆಗ್ಬೇಕು. ಟ್ಯಾಂಕಿಂದು.”

ಏನೋ ತಮಾಷೆ ಮಾಡಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. ಮೀನು, ಐಸ್‌ಕ್ರೀಮು ಎಲ್ಲ ಒಂದು ಕಡೆ ಸರಿಸಿ ಜಾಗ ಮಾಡಿದ. ಟ್ರೇ ತೊಳೆದು ಒರೆಸಿ ತಾನೇ ಹೊಯ್ದ, ಒಂದು ಹನಿ ಚೆಲ್ಲಲಿಲ್ಲ. “ಬೆಳಿಗ್ಗೆ ಬಸ್ಸಿನ ಹೊತ್ತಿಗೆ ತೆಗ್ದಿರ್ತೀನಿ” ಎಂದ. ಹೆಂಡತಿಯ ಫ್ಲಾಸ್ಕೂ ಕೊಟ್ಟ.

ಅಕ್ಟೋಬರ್ 19

ಎದ್ದಾಯಿತು. ಚಹ ಕುಡಿದಾಯಿತು. ಸಣ್ಣ ಮಳೆ. ಏರಿಯ ಕಡೆ ಹೋಗಲು ಹೊತ್ತಿಲ್ಲ. ಕೆರೆಗೆ ನೀರು ಬಂದಿರಬೇಕು, ಕಪ್ಪೆ ಕೂಗುತ್ತಿದೆ.

ಅಂಗಡಿಯ ದೀಪ ಹತ್ತಿದೆ. ಫ್ಲಾಸ್ಕಿನಲ್ಲಿ ಹೆಚ್ಚು ಹಿಡಿಸುವುದಿಲ್ಲ, ಹೆಚ್ಚು ಕೊಡುವ ಹಾಗೂ ಇಲ್ಲ. ಸಣ್ಣ ತುಂಡುಗಳು. ಲೆಕ್ಕ ಹಾಕಿ ಕೊಡಬೇಕು. ಒಂದು ಸೂಜಿ ಚುಚ್ಚುವಾಗ. ಒಂದು ಮಧ್ಯದಲ್ಲಿ, ತುಟಿ ಒಣಗಿದಾಗ. ಒಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ, ಅವಳು ಮಲಗುವ ಮೊದಲು. ಇನ್ನೊಂದು ಉಳಿದರೆ — ಸುಮನರತ್ನ ಕೂಗುತ್ತಿದ್ದಾನೆ. ಹೊರಟೆ.